ಸಮತಟ್ಟಿನಲ್ಲಿ ನಿಲ್ಲಿಸಿದ ರಂಗನಾಥ

ನನ್ನ ಲಾರಿಯ ಹಿಂಭಾಗದಿಂದ ಒಂದು ಗೋಳು ಕೇಳಿಸುತ್ತಿತ್ತು, ಮತ್ತು ಅದು ನನಗೊಬ್ಬನಿಗೇ ಕೇಳಿಸುತ್ತಿತ್ತು. ಶ್ರೀರಂಗಪಟ್ಟಣದ ರಂಗನಾಥಸ್ವಾಮಿಯನ್ನು ನಂಬಿ ಬದುಕುವ ಬಂಧುಗಳೇ, ನನ್ನ ಕಷ್ಟ ಇಷ್ಟೇ. ಓದುವವರಿಗೆ ನಗು ಬರಬಹುದು. ನನಗೆ ಆಗ ಬರುತ್ತಿರಲಿಲ್ಲ.

ನಾನು ಪಾಂಡವಪುರದ ಕಡೆಯವನು. ನಾಗಮಂಗಲದಿಂದ ತೆಂಗಿನಕಾಯಿ, ಕೆ.ಆರ್. ಪೇಟೆಯಿಂದ ಬೆಲ್ಲ, ಹೀಗೆ ಸಿಕ್ಕಿದ್ದನ್ನು ತುಂಬಿಕೊಂಡು ಮೈಸೂರಿಗೆ ಹೊಡೆಯುತ್ತಿದ್ದೆ. ಲಾರಿ ಸೆಕೆಂಡ್ ಹ್ಯಾಂಡ್. ಮಕ್ಕಳಿಲ್ಲದ ನಮಗೆ ಅದೇ ಮನೆ. ನನ್ನ ಹೆಂಡತಿ ಜಯಮ್ಮ ಕ್ಲೀನರ್ ಬೇಡವೆಂದು ತಾನೇ ಪಕ್ಕದಲ್ಲಿ ಕೂತು ಬರುತ್ತಿದ್ದಳು. ರಂಗನಾಥನ ಪಟವನ್ನು ಗಾಜಿನ ಮುಂದೆ ಇಟ್ಟವಳೂ ಅವಳೇ. ತೊಂಬತ್ತೈದನೇ ಇಸವಿಯಲ್ಲಿ ಜ್ವರ ತಲೆಗೇರಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ತಿಥಿ ಮುಗಿದ ಮೇಲೆ ನಾನು ಮತ್ತೆ ಲಾರಿ ಹತ್ತಿದೆ. ಮನೆಯಲ್ಲಿ ಕೂತು ಯಾರ ಮುಖ ನೋಡಲಿ?

ಗೋಳು ಶುರುವಾದದ್ದು ಮರುವರ್ಷ. ಇಳಿಜಾರಿನಲ್ಲಿ ಆಕ್ಸಲರೇಟರಿನಿಂದ ಕಾಲೆತ್ತಿದರೆ ಸಾಕು, ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯಂತೆ ತೂಗುವ ಡಿಫರೆನ್ಷಿಯಲ್ ಊಳಿಡುತ್ತಿತ್ತು. ಕಾಲೊತ್ತಿದರೆ ಸುಮ್ಮನಾಗುತ್ತಿತ್ತು. ಅದರೊಳಗಿನ ಗೇರುಗಳು ಎಣ್ಣೆಯಲ್ಲಿ ಮುಳುಗಿ ತಿರುಗಬೇಕು. ಒಣಗಿದರೆ ಹಿಡಿದುಕೊಳ್ಳುತ್ತವೆ, ಓಡುವ ಲಾರಿಯ ಚಕ್ರ ಗಕ್ಕನೆ ನಿಂತು ಎದುರಿಗಿದ್ದವರೂ ಉಳಿಯುವುದಿಲ್ಲ. ಮೆಕ್ಯಾನಿಕ್ ಶಿವಣ್ಣ ಮನೆಗೇ ಬಂದು, ಎಣ್ಣೆಯ ಮಟ್ಟ ನೋಡುವ ತೂತಿನ ಬಿರಡೆ ಬಿಚ್ಚಿದ. ಎಣ್ಣೆ ತೂತಿನಿಂದ ಇಳಿದು ಬಂತು.

"ನೋಡಣ್ಣ, ತುಂಬಿ ತುಳುಕ್ತಾ ಅದೆ. ಇನ್ನೇನ್ ಬೇಕು ನಿಂಗೆ?" ಎಂದು ಬಿರಡೆ ಬಿಗಿದ. ಲಾರಿ ಹತ್ತಿ ಊರ ಸುತ್ತ ಕಾಲೊತ್ತಿಕೊಂಡೇ ಓಡಿಸಿದ. ಶಬ್ದ ಎಲ್ಲಿ ಬರಬೇಕು? "ಏನೂ ಇಲ್ಲ ಕಣಣ್ಣ" ಎಂದು ಇಳಿದು ಹೋದ.

ಜಯಮ್ಮನ ತಮ್ಮ ನಂಜೇಗೌಡ ಒಳ್ಳೆಯವನು. "ಅಕ್ಕ ಓದ್ಮೇಲೆ ನಿಮ್ ತಲೆ ನೆಟ್ಟಗಿಲ್ಲ ಭಾವ. ಗಾಡಿ ಮಾರ್ಬುಟ್ಟು ನಮ್ಮನೇಲಿ ಬಂದಿರಿ" ಎಂದ. ಬಸ್ಸಿನಲ್ಲಿ ಕೂರಿಸಿಕೊಂಡು ಮಂಡ್ಯದ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದ. ಕಿವಿ ಚೆನ್ನಾಗಿದೆ ಎಂದು ಅವರು ನಿದ್ದೆಗೆ ಮಾತ್ರೆ ಬರೆದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರೂ ನನ್ನ ಹತ್ತಿರ ಮೆಲ್ಲಗೆ, ಮಗುವಿನ ಹತ್ತಿರ ಆಡುವ ಹಾಗೆ ಮಾತಾಡತೊಡಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಗೆ ನನಗೇ ನನ್ನ ಮೇಲೆ ನಂಬಿಕೆ ಹೋಯಿತು.

ಮೈಸೂರಿನಲ್ಲಿ ಒಬ್ಬರು ಲಾರಿ ಕೊಳ್ಳಲು ಒಪ್ಪಿದರು. ಶ್ರಾವಣದ ಒಂದು ಶನಿವಾರ ಕೆ.ಆರ್. ಪೇಟೆಯಲ್ಲಿ ಲೋಡು ಇಳಿಸಿ ನೇರವಾಗಿ ಹೋಗಿ ಒಪ್ಪಿಸುವುದೆಂದು ಹೊರಟೆ. ಪಟ ನೋಡಿ ಹೇಳಿದೆ: "ರಂಗಪ್ಪ, ಜಯಮ್ಮನ್ನ ಕೊಡು ಅಂತ ಕೇಳ್ತಿಲ್ಲ. ಈ ಶಬ್ದ ನಿಜ ಅನ್ನೋ ಇನ್ನೊಂದು ಜೀವ ಕಳಿಸು. ಇಲ್ದಿದ್ರೆ ನಂಗೆ ಹುಚ್ಚು ಅಂತ ಒಪ್ಕಂಡು ಬೀಗದ ಕೈ ಕೊಟ್ಬುಡ್ತೀನಿ."

ಲೋಡು ಇಳಿಸಿ ಕೆ.ಆರ್. ಪೇಟೆ ದಾಟುತ್ತಲೇ ತುಳಸಿಯ ಕುಕ್ಕೆ ಹೊತ್ತ ಒಬ್ಬ ಮುದುಕಿ ರಸ್ತೆಗೆ ಅಡ್ಡ ನಿಂತಳು. "ನಿಲ್ಸ್ಲಾ! ಬಂದ ಬಸ್ಸೆಲ್ಲ ತುಂಬ್ಕಂಡೇ ಓಯ್ತಾವೆ. ಪಟ್ಣದ ರಂಗನಾಥನ ತಾವ ಇಳಿಸ್ಬುಡು" ಎಂದು ಕೇಳುವ ಮೊದಲೇ ಹತ್ತಿ ಕೂತಳು. ಹೆಸರು ನಿಂಗಮ್ಮ. ದಾರಿಯುದ್ದಕ್ಕೂ ಸೊಸೆಯ ಸಾರಿನ ಮೇಲೆ ದೂರು. ಚಿನಕುರಳಿ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಕಾಲೆತ್ತಿದೆ. ಗೋಳು ಎದ್ದಿತು.

ನಿಂಗಮ್ಮನ ಮಾತು ಅರ್ಧಕ್ಕೆ ನಿಂತಿತು. "ಅದೇನ್ಲಾ ಅದು, ನಿನ್ ಗಾಡಿ ಇಂದ್ಗಡೆ ನಾಯಿ ಅಳ್ದಂಗೆ ಅಳ್ತದೆ?"

ಕಾಲೊತ್ತಿದೆ, ನಿಂತಿತು. ಮತ್ತೆ ಎತ್ತಿದೆ. "ಊಂ, ಅದೇ ಕಣ್ಲಾ" ಎಂದಳು.

"ದಿಟವಾಗ್ಲೂ ಕೇಳಿಸ್ತಾ ಅವ್ವ?"

"ನಾನೇನ್ ಕಿವುಡೀನಾ?"

ಶಬ್ದ ನಿಜವಾದರೆ ಕಾರಣವೂ ಇರಬೇಕು. ಆದರೆ ತುಂಬಿದ ಎಣ್ಣೆಯನ್ನು ನಾನೇ ಕಣ್ಣಾರೆ ಕಂಡಿದ್ದೆನಲ್ಲ?

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಲಾರಿಯ ಬ್ಯಾಟರಿ ಸತ್ತಂತೆಯೇ. ಹಳೇ ಗಾಡಿಯವರೆಲ್ಲ ಮಾಡುವಂತೆ ನಾನೂ ಯಾವಾಗಲೂ, ಮನೆಯ ಹತ್ತಿರವೂ, ಇಳಿಜಾರು ನೋಡಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದೆ. ಉರುಳಿಸಿದರೆ ತಾನೇ ಸ್ಟಾರ್ಟ್ ಆಗುತ್ತಿತ್ತು. ಸಮತಟ್ಟಿನಲ್ಲಿ ಎಂಜಿನ್ ಆರಿಸಿದವನೇ ಅಲ್ಲ. ದೇವಸ್ಥಾನದ ಮುಂದಿನ ಬಯಲಿನಲ್ಲೂ ಎಂಜಿನ್ ಓಡುತ್ತಿರುವಾಗಲೇ ನಿಂಗಮ್ಮನಿಗೆ ಇಳಿ ಎಂದೆ.

"ಗಾಡಿ ನಡುಗೋಗಂಟ ನಾ ಇಳಿಯಾಕಿಲ್ಲ. ಆಪ್ ಮಾಡು."

"ಆರಿಸಿದ್ರೆ ಮತ್ತೆ ಓಡಲ್ಲ ಅವ್ವ."

"ರಂಗನಾಥನ ಮುಂದೆ ತಾನೆ? ನಿಂತ್ಕಳ್ಳಿ ಬುಡು!"

ಆರಿಸಿದೆ. ಅವಳು ಕುಕ್ಕೆ ಎತ್ತಿಕೊಂಡು ಒಳಗೆ ಹೋದಳು. ಲಾರಿ ಕಮಕ್ ಎನ್ನಲಿಲ್ಲ. ತಳ್ಳುವವರು ಸಿಗುವ ತನಕ ಮಾಡಲು ಬೇರೆ ಕೆಲಸವಿಲ್ಲದೆ ಸ್ಪ್ಯಾನರ್ ಹಿಡಿದು ಕೆಳಗೆ ನುಸುಳಿ ಬಿರಡೆ ಬಿಚ್ಚಿದೆ. ಒಂದು ತೊಟ್ಟೂ ಬರಲಿಲ್ಲ. ಬೆರಳು ಬಗ್ಗಿಸಿ ಒಳಗೆ ಇಳಿಸಿದೆ, ಒಣ. ಅಂಗಾತ ಮಲಗಿದ್ದವನಿಗೆ ಆಗ ಹೊಳೆಯಿತು. ಆ ತೂತು ಇರುವುದು ಡಿಫರೆನ್ಷಿಯಲ್ಲಿನ ಮುಂಭಾಗದಲ್ಲಿ. ಇಳಿಜಾರಿನಲ್ಲಿ ಮೂತಿ ಕೆಳಗಾದರೆ ಒಳಗಿರುವ ಅಷ್ಟಿಷ್ಟು ಎಣ್ಣೆ ಮುಂದಕ್ಕೆ ಹರಿದು, ತುಂಬಿದೆ ಎಂದು ನಂಬಿಸುತ್ತಿತ್ತು. ಇಷ್ಟು ದಿನವೂ ನಮಗೆ ಸುಳ್ಳು ಹೇಳಿದ್ದು ನೆಲ. ನನ್ನ ಕಿವಿಯಲ್ಲ.

ಬಸ್ ನಿಲ್ದಾಣದ ಹತ್ತಿರದ ಅಂಗಡಿಯವನು ಎಂಜಿನ್ ಆಯಿಲ್ ಡಬ್ಬ ತೆಗೆದು "ಯಾವ್ದಾದ್ರೇನಣ್ಣ, ಎಲ್ಲಾ ಜಿಡ್ಡೇ" ಎಂದ. ಬೇಡ ಎಂದೆ. ಡಿಫರೆನ್ಷಿಯಲ್ಲಿಗೆಂದೇ ಮಾಡಿದ ತೊಂಬತ್ತು ನಂಬರಿನ ಗೇರ್ ಆಯಿಲ್ ಕೇಳಿ, ಮುಚ್ಚಳ ತೆಗೆಸಿ ಮೂಸಿದೆ. ಗಂಧಕದ ಕೆಟ್ಟ ವಾಸನೆ ಬಂತು, ಅದೇ ಸರಿಯಾದದ್ದು. ಹಿಂದಿನ ಮಾಲೀಕ ಏನು ಸುರಿದಿದ್ದನೋ ಬಲ್ಲವರು ಯಾರು? ತಳದ ಬಿರಡೆ ಬಿಚ್ಚಿ ಉಳಿದಿದ್ದ ಎಣ್ಣೆಯನ್ನೆಲ್ಲ ಡಬ್ಬಕ್ಕೆ ಬಸಿದೆ. ಕಪ್ಪಾಗಿ, ಸೀದ ವಾಸನೆ ಬರುತ್ತಿತ್ತು. ಕಬ್ಬಿಣದ ಸಣ್ಣ ಮಿಂಚು ಇತ್ತು, ಮುರಿದ ಹಲ್ಲಿನ ಚೂರು ಇರಲಿಲ್ಲ. ಗೇರು ಉಳಿದಿತ್ತು. ತಳವನ್ನು ಮುಚ್ಚಿ, ಹೊಸ ಎಣ್ಣೆಯನ್ನು ಮೇಲಿನ ತೂತಿನ ಅಂಚಿಗೆ ಬಂದು ಜಿನುಗುವ ತನಕ ಹೊಯ್ದು ಬಿರಡೆ ಬಿಗಿದೆ.

ನಿಂಗಮ್ಮ ದೊನ್ನೆಯಲ್ಲಿ ಪ್ರಸಾದ ತಂದಳು. ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬರುತ್ತಿದ್ದವರನ್ನು "ಬರ್ರಲಾ, ಒಸಿ ತಳ್ರಲಾ" ಎಂದು ಗದರಿ ಕರೆದಳು. ಅವರು ಗೋವಿಂದಾ ಎಂದು ಕೂಗಿ ತಳ್ಳಿದರು. ಲಾರಿ ಓಡಿತು. ಮೈಸೂರಿಗೆ ಹೋಗಲಿಲ್ಲ. ಅವಳನ್ನು ಅವಳ ಊರಿಗೇ ಬಿಟ್ಟು, ಹಿಂದಕ್ಕೆ ನಮ್ಮೂರ ಕಡೆ ತಿರುಗಿಸಿದೆ.

ಚಿನಕುರಳಿ ಕಡೆಯ ಅದೇ ಇಳಿಜಾರಿನಲ್ಲಿ ಹೆದರುತ್ತಲೇ ಕಾಲೆತ್ತಿದೆ. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಆ ಗೋಳು ಇಷ್ಟು ತಿಂಗಳು ನನ್ನ ಜೊತೆ ಕೂತು ಬಂದಿತ್ತು ಎಂದು ತಿಳಿದದ್ದು ಅದು ಹೋದ ಮೇಲೆ. ಪಕ್ಕದ ಸೀಟು ಅಷ್ಟು ಖಾಲಿ ಎಂದೂ ಕಂಡಿರಲಿಲ್ಲ. ಲಾರಿಯನ್ನು ಪಕ್ಕಕ್ಕೆ ಹಾಕಿ ಗಟ್ಟಿಯಾಗಿ ಅತ್ತೆ. ಆಸ್ಪತ್ರೆಯಲ್ಲೂ ತಿಥಿಯಲ್ಲೂ ನಾನು ಅತ್ತಿರಲಿಲ್ಲ.

ನನ್ನ ತಲೆ ನೆಟ್ಟಗಿದೆ, ಜಯಮ್ಮ ಹೋಗಿರುವುದೂ ನಿಜ. ಎರಡನ್ನೂ ಒಂದೇ ದಿನ ತಿಳಿಸಿಕೊಟ್ಟ ರಂಗನಾಥನಿಗೆ ಅಡ್ಡಬಿದ್ದಿದ್ದೇನೆ. ಲಾರಿ ಈಗಲೂ ನನ್ನದೇ, ಓಡಿಸುವವನೂ ನಾನೊಬ್ಬನೇ. ಒಬ್ಬನೇ ಇದ್ದೇನೆ, ಆದರೆ ಅವನು ಕೈಬಿಟ್ಟಿದ್ದಾನೆ ಎಂದು ಆಮೇಲೆ ಒಂದು ದಿನವೂ ಅನ್ನಿಸಿಲ್ಲ.