ಅಪ್ಪನಿಗೆ ಸಿಕ್ಕ ಮಣ್ಣು

ಕಳೆದ ವರ್ಷದ ಜೂನ್ ರಜೆ. ಸಿಂಗಪುರದ ಶಾಲೆಗಳಿಗೆ ಒಂದು ತಿಂಗಳು ಬಿಡುವು ಸಿಗುವುದು ಆಗಲೇ. ಆ ರಜೆಯಲ್ಲಿ ಅಪ್ಪನನ್ನು ಕರೆದುಕೊಂಡು ಇಟಲಿಗೆ ಹೋಗಿದ್ದೆವು. ಅಪ್ಪ ಗದಗದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವರು. ಅವ್ವ ತೀರಿಕೊಂಡ ಮೇಲೆ ಸೆಂಬವಾಂಗ್‌ನ ನಮ್ಮ ಮನೆಯಲ್ಲೇ ಇದ್ದರು. ನನ್ನ ಗಂಡ ಜುರಾಂಗ್ ಐಲ್ಯಾಂಡಿನಲ್ಲಿ ಎಂಜಿನಿಯರ್. ಅವರು ವೆನಿಸ್ಸಿನ ದೋಣಿ, ಪೀಸಾದ ಗೋಪುರ ಎಂದೆಲ್ಲ ಬುಕ್ ಮಾಡಿದ್ದರು. ಅಪ್ಪನದು ಮಾತ್ರ ಒಂದೇ ಹಟ, ಫ್ಲಾರೆನ್ಸ್ ಊರಿನ ಒಂದು ಚರ್ಚು.

"ದೊಡ್ಡ ದೊಡ್ಡ ಕಲಾವಿದರನ್ನ ಅಲ್ಲೇ ಹೂಳ್ಯಾರವಾ. ಅದೊಂದು ತೋರಿಸಿಬಿಡ್ರಿ, ಉಳಿದದ್ದು ನೀವು ನೋಡ್ಕೊಳ್ರಿ" ಎಂದಿದ್ದರು.

ಆ ಚರ್ಚಿನ ನೆಲದ ತುಂಬ ಸಮಾಧಿಗಳ ಹಾಸುಗಲ್ಲು. ಪ್ರವಾಸಿಗರು ಅವುಗಳ ಮೇಲೇ ಓಡಾಡುತ್ತಿದ್ದರು. ಅಪ್ಪ ಒಳಗೆ ಕಾಲಿಟ್ಟವರೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ಗದ್ದಿಗಿ ಮ್ಯಾಲ ಬೂಟುಗಾಲು ಇಡ್ತಾರೇನು?" ಎಂದು ನನ್ನನ್ನೇ ಗದರಿ, ಕಲ್ಲುಗಳ ಸಂದಿಯಲ್ಲಿ ತುದಿಗಾಲಲ್ಲಿ ನಡೆಯತೊಡಗಿದರು. ಕಾವಲಿನವನು ಬಂದು ಬೂಟು ಹಾಕಿಕೊಳ್ಳಿ ಎಂದು ಸನ್ನೆ ಮಾಡಿದ. ಅಪ್ಪ ಕೇಳಲಿಲ್ಲ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಮೃತಶಿಲೆಯಲ್ಲಿ ಆಳೆತ್ತರದ ಮೂರ್ತಿಗಳನ್ನು ಕಡೆದ ಒಬ್ಬ ಮಹಾಶಿಲ್ಪಿಯ ಸಮಾಧಿ ಮುಂದೆ ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಕೈಮುಗಿದು ನಿಂತರು.

"ನೋಡು, ಇವರೂ ನಮ್ಮಂಗ ಮಣ್ಣಿಗೆ ಹೋಗೋ ಮಂದಿ" ಎಂದರು. ನಾವು ಲಿಂಗಾಯತರು. ಸತ್ತವರನ್ನು ಸುಡುವುದಿಲ್ಲ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ.

ಪಕ್ಕದಲ್ಲೇ ಒಬ್ಬ ಮಹಾಕವಿಯ ಸಮಾಧಿ ಇತ್ತು. ಅದು ಖಾಲಿ. ಊರು ಅವನನ್ನು ಹೊರಗೆ ಹಾಕಿತ್ತಂತೆ, ಅವನು ಬೇರೆ ಊರಲ್ಲಿ ಸತ್ತ. ಆಮೇಲೆ ಇವರು ಮೂಳೆ ಕೇಳಿದರೆ ಆ ಊರಿನ ಸನ್ಯಾಸಿಗಳು ಬಚ್ಚಿಟ್ಟುಬಿಟ್ಟರಂತೆ. ಗೈಡ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ.

"ಛಲೋ ಮಾಡಿದ್ರು" ಎಂದರು ಅಪ್ಪ. "ಸತ್ತಾಂವನ್ನ ಊರಿಂದ ಊರಿಗೆ ಎಳದಾಡಬಾರದವಾ. ಎಲ್ಲಿ ಉಸಿರು ಹೋತೋ ಅಲ್ಲೇ ಮಣ್ಣಾಗಬೇಕು."

ಮಗಳ ನೀರಿನ ಬಾಟಲಿ ಎಲ್ಲೋ ಬಿಟ್ಟುಬಂದಿದ್ದೆವು. ಅದನ್ನು ಹುಡುಕುತ್ತ "ಹೂಂ ಅಪ್ಪಾ" ಎಂದೆ.

ವಾಪಸ್ ಬಂದು ತಿಂಗಳಾಗಿರಲಿಲ್ಲ. ಬೆಳಿಗ್ಗೆ ವಾಕಿಂಗಿಗೆಂದು ಕೆಳಗಿಳಿದ ಅಪ್ಪ ವಾಯ್ಡ್ ಡೆಕ್ ಎನ್ನುವ, ಕಟ್ಟಡದ ಕೆಳಗಿನ ತೆರೆದ ಪಡಸಾಲೆಯ ಬೆಂಚಿನ ಮೇಲೆ ಕುಸಿದರು. ಅಲ್ಲಿದ್ದವರು ಆಂಬುಲೆನ್ಸ್ ಕರೆಸಿದರು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಗದಗದಿಂದ ತಮ್ಮ ಬಸು ಫೋನ್ ಮಾಡಿದ. "ಅಕ್ಕಾ, ಅಪ್ಪನ್ನ ಇಲ್ಲಿಗೇ ಕರಕೊಂಡು ಬಾ."

ವಿಮಾನದಲ್ಲಿ ಕಳಿಸಬೇಕೆಂದರೆ ದೇಹಕ್ಕೆ ಔಷಧಿ ತುಂಬಿ, ಪೆಟ್ಟಿಗೆಗೆ ಸೀಲ್ ಹಾಕಬೇಕು, ನಾಲ್ಕೈದು ದಿನವಾದರೂ ಹಿಡಿಯಬಹುದು ಎಂದು ತಿಳಿದುಬಂದಿತ್ತು. ಅಪ್ಪ ಚರ್ಚಿನಲ್ಲಿ ಆಡಿದ ಮಾತು ನನ್ನ ಕಿವಿಯಲ್ಲೇ ಇತ್ತು. ಅದನ್ನೇ ಅವನಿಗೆ ಹೇಳಿದೆ.

"ಅವ್ವನ ಬಾಜೂಕ ಜಾಗ ಬಿಟ್ಟೇವಲ್ಲಕ್ಕಾ. ಅಲ್ಲಿ ಯಾರನ್ನ ಇಡ್ಲಿ?" ಎಂದ. "ಅಪ್ಪನ ಮಾತು ನಡಸೂಣೋ ಬಸೂ" ಎಂದೆ. "ನಿನಗ ತಿಳಿದಂಗ ಮಾಡು" ಎಂದು ಫೋನ್ ಇಟ್ಟುಬಿಟ್ಟ.

ಇಲ್ಲಿ ನಮಗೆ ಪರಿಚಯದ ಕನ್ನಡದವರೆಲ್ಲ ಸುಡುವವರು. ಹೂಳುವುದು ಹೇಗೆ, ಯಾರನ್ನು ಕೇಳಬೇಕು ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಅಂತ್ಯಕ್ರಿಯೆಯ ಏರ್ಪಾಟು ಮಾಡಿಕೊಡುವ ಚೀನೀ ಅಂಕಲ್ ಒಬ್ಬರು ಸಿಕ್ಕಿದರು. ಕೂರಿಸಿ ಹೂಳಬೇಕು ಎಂದಾಗ ಅವರು ಆಗುವುದಿಲ್ಲ ಎಂದು ತಲೆಯಾಡಿಸಿದರು. ಸ್ಮಶಾನದಲ್ಲಿ ಗುಂಡಿಗಳೆಲ್ಲ ಮೊದಲೇ ಸಾಲಾಗಿ ಕಟ್ಟಿಟ್ಟ ಕಾಂಕ್ರೀಟ್ ತೊಟ್ಟಿಗಳು. ಮಲಗಿಸುವುದಕ್ಕೆ ಮಾತ್ರ ಜಾಗ.

ಒನ್-ನಾರ್ತ್ ಬಡಾವಣೆಯ ಆಫೀಸೊಂದರಲ್ಲಿ ಕೆಲಸ ಮಾಡುವ ಬಾಗಲಕೋಟೆ ಕಡೆಯ ಹುಡುಗನೊಬ್ಬನನ್ನು ಯಾರೋ ಹುಡುಕಿಕೊಟ್ಟರು, ನಮ್ಮಲ್ಲಿ ಪೂಜೆ ಮಾಡಿಸುವ ಅಯ್ಯನವರ ಮನೆತನದವನು. ಆಫೀಸಿಗೆ ರಜೆ ಹಾಕಿ ಬಂದ. ಊರಿನ ಸ್ವಾಮಿಗಳು ಫೋನಿನಲ್ಲಿ ಹೇಳಿಕೊಟ್ಟ ಮಂತ್ರಗಳನ್ನು ಅವನು ತಡವರಿಸುತ್ತ ಹೇಳಿದ. ಅಪ್ಪನ ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳನ್ನು ನಾನೇ ಮಡಿಚಿದೆ. ಲಿಟ್ಲ್ ಇಂಡಿಯಾದಿಂದ ತಂದ ಬಿಲ್ವಪತ್ರೆ ಇಟ್ಟೆವು. ಬಸು ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ. ಪೆಟ್ಟಿಗೆ ಮುಚ್ಚುವಾಗ ತಡೆಯಲಾರದೆ ಅತ್ತುಬಿಟ್ಟ.

"ಮಲಗಸ್ತೀರೇನಕ್ಕಾ? ಅಪ್ಪನ್ನ ಮಲಗಸ್ತೀರೇನು?"

ನಾನು ಫೋನನ್ನು ಗಂಡನ ಕೈಗೆ ಕೊಟ್ಟುಬಿಟ್ಟೆ.

ಎಲ್ಲ ಮುಗಿದು ಜನ ಹೊರಟ ಮೇಲೆ, ತಲೆಯ ಕಡೆಗೆ ಒಂದು ಬಿಲ್ವದ ಸಸಿ ನೆಡಬಹುದೇ ಎಂದು ಆ ಅಂಕಲ್‌ನನ್ನು ಕೇಳಿದೆ. ಮುಂದೆ ದೊಡ್ಡದಾಗಿ ನೆರಳಾಗುತ್ತದೆ ಎಂದು ನನ್ನ ಎಣಿಕೆ.

"ಬಿಗ್ ಟ್ರೀ ಕೆನಾಟ್, ಮ್ಯಾಡಮ್" ಎಂದರು. "ಫಿಫ್ಟೀನ್ ಇಯರ್ಸ್ ಓನ್ಲಿ. ಆಫ್ಟರ್ ದಟ್ ಡಿಗ್ ಅಪ್ ಲಾ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಈ ದೇಶದಲ್ಲಿ ಜಾಗ ಕಡಿಮೆ. ಹೂಳಿದವರನ್ನು ಹದಿನೈದು ವರ್ಷವಾದ ಮೇಲೆ ಹೊರಗೆ ತೆಗೆಯುತ್ತಾರೆ. ಯಾರಾದರೂ ಸರಿ, ಎಲ್ಲರಿಗೂ ಅದೇ ನಿಯಮ. ಮನೆಯವರು ಬಂದು ಮೂಳೆ ತೆಗೆದುಕೊಳ್ಳಬೇಕು. "ನೋಬಡಿ ಟೋಲ್ಡ್ ಯೂ ಆಹ್?" ಎಂದು ಅವರೇ ಬೇಜಾರು ಮಾಡಿಕೊಂಡರು. ಇಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಗೊತ್ತಿರುವ ಸಂಗತಿ. ನಮಗೆ ಹೇಳುವವರು ಯಾರಿದ್ದರು? ಒಂದು ಸಲ ಮಣ್ಣು ಕೊಟ್ಟರೆ ಮುಗಿಯಿತು ಎಂದೇ ನಾನು ನಂಬಿದ್ದೆ. ಅಪ್ಪನನ್ನು ಎಳೆದಾಡಬಾರದು ಎಂದು ತಮ್ಮನನ್ನು ಅಷ್ಟು ನೋಯಿಸಿದ್ದೆ. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಬಸುವಿಗೆ ಹೇಳಲು ಧೈರ್ಯ ಬರುವುದಕ್ಕೆ ಎಷ್ಟೋ ದಿನ ಹಿಡಿಯಿತು. ಬೈಯುತ್ತಾನೆ ಎಂದುಕೊಂಡಿದ್ದೆ.

"ಅವಾಗರ ಕರಕೊಂಡು ಬಾ ಅಕ್ಕಾ" ಎಂದ. "ನಾ ಇದ್ರ ನಾ, ಇಲ್ಲಂದ್ರ ನನ್ನ ಮಗ ಬಂದು ಇಳಿಸ್ಕೊಳ್ತಾನ."

ಈಚೆಗೆ ನನ್ನ ಗಂಡನಿಗೆ ಬೇರೆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಬಂದಿತ್ತು. ಶಿಫ್ಟ್ ಆಗೋಣ ಎಂದರು, ಮಗಳೂ ಕುಣಿದಳು. ನಾನು ಒಲ್ಲೆ ಎಂದೆ. ಅಪ್ಪನನ್ನು ಹೊರಗೆ ತೆಗೆಯುವ ದಿನ ನಾನು ಈ ಊರಲ್ಲೇ ಇರಬೇಕು. ಅಪ್ಪನಿಗೆ ಮಣ್ಣು ಕೊಟ್ಟು ಬಂದವರ ದುಃಖ ದಿನ ಕಳೆದಂತೆ ಕಡಿಮೆಯಾಗುತ್ತದೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ನನ್ನದು ಮಾತ್ರ ದಿನ ಕಳೆದಂತೆ ಹತ್ತಿರ ಬರುತ್ತಿದೆ.