ಅಲಾರಂ ಕೂಗದಿದ್ದರೆ ಇವರಿಗೆ ಕೋಪ

ಈಗಷ್ಟೇ ಬೆಳಕು ಹರಿಯುತ್ತಿದೆ. ಅಡುಗೆಮನೆಯ ಮೇಜಿನ ಮೇಲೆ ಓಬೀರಾಯನ ಕಾಲದ ಕಂಪ್ಯೂಟರೊಂದು ಗೊರಗುಟ್ಟುತ್ತಿದೆ. ಅದರ ವೈರಿನ ತುದಿಯಲ್ಲಿರುವ, ಬಿಸಿ ಅಳೆಯುವ ಸೆನ್ಸರನ್ನು ಟೆಸ್ಟರಮ್ಮ ಬಿಸಿನೀರಿನ ಲೋಟಕ್ಕೆ ಇಳಿಬಿಟ್ಟು ಕಿವಿ ನಿಮಿರಿಸಿ ಕೂರುತ್ತಾರೆ. ಅಲಾರಂ ಕೂಗಬೇಕು. ಕೂಗುವುದಿಲ್ಲ.

"ನೋಡಿದ್ರಾ? ತಪ್ಪಾಯ್ತು ಅಂತಾನೂ ಹೇಳಲ್ಲ. ಬಾಯಿಗೆ ಬೀಗ ಹಾಕ್ಕೊಂಡು ಕೂತಿದೆ," ಎಂದು ಹಲ್ಲು ಕಚ್ಚುತ್ತಾರೆ.

ಲಸಿಕೆ ಇಡುವ ಫ್ರಿಜ್ ಬಿಸಿಯಾದರೆ ನರ್ಸ್‌ಗಳನ್ನು ಎಚ್ಚರಿಸುವ ಕೋಡ್ ಇದು. ಇದನ್ನು ಬರೆದಿರುವ ಕಂಪ್ಯೂಟರ್ ಭಾಷೆಗೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಸಣ್ಣ ಆಸ್ಪತ್ರೆಗಳ ಮುದಿ ಕಂಪ್ಯೂಟರುಗಳಿಗೆ ಮಾತ್ರ ಹಳೆಯ ಆವೃತ್ತಿಯೇ ಗತಿ. ಹೊಸ ಕೋಡ್ ಅಲ್ಲಿಯೂ ನಡೆಯುತ್ತದೆಯೇ ಎಂದು ಪರೀಕ್ಷಿಸಿ ನೋಡುವುದು ಟೆಸ್ಟರಮ್ಮನ ಕೆಲಸ. ಕೆಲಸವಾಗಿತ್ತು, ಎನ್ನಬೇಕು. ಹೋದ ತಿಂಗಳು ಕಂಪನಿ ಈ ಪರೀಕ್ಷೆಯನ್ನೇ ಕೈಬಿಟ್ಟು, ಯಂತ್ರವನ್ನು ಗುಜರಿಗೆಂದು ಎತ್ತಿಟ್ಟಿತು. ಆ ಆಸ್ಪತ್ರೆಗಳಿಗೆ ಕೋಡ್ ಕಳಿಸುವುದನ್ನು ಮಾತ್ರ ಬಿಡಲಿಲ್ಲ! ಇದಕ್ಕೆ ಏನೆನ್ನಬೇಕು? ಟೆಸ್ಟರಮ್ಮ ಯಂತ್ರವನ್ನು ಕೇಳಿ ಪಡೆದು ಮನೆಗೆ ಹೊತ್ತು ತಂದರು.

"ಕೂಸು ಅತ್ರೆ ಎಲ್ರೂ ಓಡ್ತಾರೆ. ನಮ್ಮ ಸೊಸೆ ಕೂಸು ಅಳದಿದ್ರೆ ಒದ್ದಾಡ್ತಾಳೆ," ಎಂದು ಚುಡಾಯಿಸುತ್ತ ಅತ್ತೆ ತರಕಾರಿ ತಟ್ಟೆ ಇಡಲು ಮೇಜಿನಲ್ಲಿ ಜಾಗ ಹುಡುಕುತ್ತಾರೆ.

ಕಾರಣ ಸಿಕ್ಕಿದೆ. ಹೊಸ ಕೋಡಿನಲ್ಲಿ ಅಲಾರಂ ಕೂಗಿಸುವ ಸಾಲೇ ಹಳೆಯ ಆವೃತ್ತಿಗೆ ತಿಳಿಯುವುದಿಲ್ಲ. ತಿಳಿಯದಿದ್ದರೆ ಸದ್ದಿಲ್ಲದೆ ಮುಂದೆ ಹೋಗು ಎಂದು ಕೋಡ್ ಬರೆದವರೇ ಅಪ್ಪಣೆ ಕೊಟ್ಟಿದ್ದಾರೆ. ಫ್ರಿಜ್ ಬಿಸಿಯಾಗುತ್ತದೆ, ಲಸಿಕೆ ಕೆಡುತ್ತದೆ, ಅದನ್ನೇ ಯಾವುದೋ ಮಗುವಿನ ತೊಡೆಗೆ ಚುಚ್ಚುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ.

ಕೋಡ್ ಇವತ್ತು ಸಂಜೆಯೇ ಹೊರಡಲಿದೆ. ಮೇಲಧಿಕಾರಿಗೆ ಫೋನ್ ಹೋಗುತ್ತದೆ.

"ಹಳೇದನ್ನ ಈಗ ಯಾರು ಬಳಸ್ತಾರೆ ಮೇಡಂ?"

"ಹೊಸದು ಕೊಳ್ಳೋಕಾಗದವರು ಸರ್. ಅವರ ಮಕ್ಕಳೂ ಮಕ್ಕಳೇ."

"ಸರಿ, ಇವತ್ತಿನ ಮೀಟಿಂಗಲ್ಲಿ ನೋಡೋಣ."

ನೋಡೋಣವಂತೆ! ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡಿದ್ದೇವೆ. ಈ ಕಂಪನಿಯವರು ಇದ್ದ ಬಾವಿಯನ್ನೇ ಮುಚ್ಚುವವರು. ಹೊಸ ಆವೃತ್ತಿಗೆ ಕೋಡ್ ಬರೆದವರಿಗೆ ಚಪ್ಪಾಳೆ, ಹಾರ. ಹಳೆಯದರಲ್ಲಿ ಅದು ಮುಗ್ಗರಿಸಿದ್ದನ್ನು ತೋರಿಸಿದವರಿಗೆ ಅಡ್ಡಗಾಲು ಎಂಬ ಬಿರುದು.

ಟೆಸ್ಟರಮ್ಮ ಯಂತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತುತ್ತಾರೆ. ಫ್ಲಾಸ್ಕಿಗೆ ಬಿಸಿನೀರು ತುಂಬುತ್ತಾರೆ. ಹೊಗಳಿಕೆ ಬೇಕೇ ಎಂದು ಕೇಳಿದರೆ ನಗುತ್ತಾರೆ.

"ಕೊಟ್ರೆ ಬೇಡ ಅನ್ನಲ್ಲ. ಆದ್ರೆ ಇವತ್ತು ಒಂದೇ ಆಸೆ. ಮೀಟಿಂಗ್ ಮೇಜಿನ ಮೇಲೆ ಇದನ್ನಿಟ್ಟು, ಲೋಟಕ್ಕೆ ನೀರು ಹುಯ್ತೀನಿ. ಅಲಾರಂ ಕೂಗೋವರೆಗೂ ಅವರೆಲ್ಲ ಸುಮ್ನೆ ಕೂತಿರಬೇಕು."