ಶೆಡ್ಡಿನ ಗೋಡೆಗೊಂದು ಕಿಂಡಿ

ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಬೀದಿ ಮಂಪರಿಗೆ ಬೀಳುತ್ತದೆ. ದಿಲ್‌ಸುಖ್‌ನಗರದ ಗದ್ದಲ ದೊಡ್ಡ ರಸ್ತೆಯಲ್ಲೇ ನಿಂತುಬಿಡುತ್ತದೆ. ಹಣ್ಣಿನ ತಳ್ಳುಗಾಡಿಯವನು ಕೂಡ ಬೇವಿನ ಮರದ ಕೆಳಗೆ ಬಂಡಿ ನಿಲ್ಲಿಸಿ, ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ಮಲಗುತ್ತಾನೆ. ಬೆಳಗಿನ ಪಾಳಿ ಮುಗಿಸಿ ಆ ಹೊತ್ತಿಗೆ ಮನೆಗೆ ಬರುವ ನನಗೆ ಎಷ್ಟೋ ಸಲ ಎಚ್ಚರವಿದ್ದೇನೋ, ಕನಸಿನಲ್ಲಿ ಗಾಡಿ ಓಡಿಸುತ್ತಿದ್ದೇನೋ ತಿಳಿಯುವುದಿಲ್ಲ. ಈಗ ಹೇಳುವುದೆಲ್ಲ ಅಂಥ ಮಧ್ಯಾಹ್ನಗಳಲ್ಲೇ ನಡೆದದ್ದು.

ನಾನು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಅಗ್ನಿಶಾಮಕ ವಿಭಾಗದಲ್ಲಿದ್ದೇನೆ. ಬೆಂಕಿ ಆರಿಸುವುದು ಅಪರೂಪಕ್ಕೆ. ಉಳಿದ ದಿನ ಕೆಲಸವೆಂದರೆ ‘ಅದು ಇಲ್ಲಿಡಬೇಡಿ, ಇದು ಅಲ್ಲಿ ಸುಡಬೇಡಿ’ ಎಂದು ಜನರನ್ನು ಗದರುವುದು. ಗದರಿ ಗದರಿ ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿದೆ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನನ್ನ ಹೆಂಡತಿ ಆಗಾಗ ಹೇಳುವುದು ಬೇರೆ ಯಾರನ್ನೂ ನೋಡಿ ಅಲ್ಲ.

ಯಾದಗಿರಿ ಕಡೆಯ ಹಳ್ಳಿಯಲ್ಲಿ ನನ್ನ ತಮ್ಮನ ಜೊತೆಗಿದ್ದ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಇಲ್ಲಿ ಆಪರೇಷನ್ ಮಾಡಿಸಿ ಮನೆಗೆ ಕರೆತಂದೆವು. ನಮ್ಮ ವಾಸ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತಲಾರದ ಅವಳಿಗೆ ಕೆಳಗಿದ್ದ ಒಂದೇ ಒಂದು ಕೋಣೆ ಕೊಟ್ಟೆವು. ಆ ಕೋಣೆಗೆ ಅಂಟಿಕೊಂಡಂತೆ ಕಾರಿನ ಶೆಡ್ಡು: ಒಳಗೆ ನಮ್ಮ ಹಳೆಯ ಪೆಟ್ರೋಲ್ ಕಾರು, ಚಾರ್ಜಿಗೆ ಹಾಕಿದ ನನ್ನ ಬ್ಯಾಟರಿ ಸ್ಕೂಟರು. ನಡುವೆ ಒಂದು ಗೋಡೆ. ಕೋಣೆಗಿದ್ದ ಕಿಟಕಿಯಿಂದ ಹಿಂದಿನ ಮನೆಯ ಪಾಚಿಗಟ್ಟಿದ ಗೋಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಬಂದ ಎಂಟನೇ ದಿನಕ್ಕೆ ಅವ್ವ ಶುರು ಮಾಡಿದಳು. “ಯಪ್ಪಾ, ಈ ಗ್ವಾಡಿಗೊಂದು ಕಿಂಡಿ ಮಾಡಸೋ. ಯಾರ ಬಂದ್ರು, ಯಾರ ಹೋದ್ರು ಒಂದೂ ತಿಳ್ಯಂಗಿಲ್ಲ. ಗಾಡಿ ಸಪ್ಪಳ ಅಷ್ಟ ಕೇಳ್ಕೋತ ಬಿದ್ದೀನಿ.”

ಅವಳು ಕೇಳಿದ್ದು ಎಂಥ ಕಿಂಡಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹೊಸ್ತಿಲು ದಾಟಿದರೆ ಮೊದಲು ಸಿಗುವುದು ಎತ್ತು. ಒಂದು ಮೊಳ ಎತ್ತರದ ಕಟ್ಟೆಯ ಮೇಲೆ ಮನುಷ್ಯರು. ಒಳಕೋಣೆಯ ಗೋಡೆಯಲ್ಲಿ, ದಿಂಬಿನ ಮಟ್ಟಕ್ಕೆ ಸರಿಯಾಗಿ ಒಂದು ಕಿಂಡಿ. ಮಲಗಿದಲ್ಲಿಂದಲೇ ಎತ್ತಿನ ಮೇಲೆ ಕಣ್ಣಿಡುವುದಕ್ಕೆ. ಚಿಕ್ಕವನಿದ್ದಾಗ ನಾನು ಆ ಕಿಂಡಿಗೆ ಮುಖ ಒಡ್ಡಿಕೊಂಡು ನಿದ್ದೆ ಹೋಗುತ್ತಿದ್ದೆ. ಮೇವು ಅಗಿಯುವ ಸದ್ದು, ಬೆಚ್ಚನೆಯ ಉಸಿರು, ಒಣ ಹುಲ್ಲಿನ ಘಮ ಎಲ್ಲ ಅಲ್ಲಿಂದಲೇ ಒಳಗೆ ಬರುತ್ತಿದ್ದವು.

ಆದರೆ ಅಲ್ಲಿಂದ ಬರುವುದು ಉಸಿರೊಂದೇ ಅಲ್ಲವಲ್ಲ! ನಾನು ಕಾರ್ಖಾನೆಯಲ್ಲಿ ಹೇಳುವ ಪಾಠವನ್ನೇ ಅವಳ ಮಂಚದ ಪಕ್ಕ ಕೂತು ಹೇಳಿದೆ. ಗಾಡಿ ನಿಲ್ಲುವ ಜಾಗಕ್ಕೂ ಮನುಷ್ಯ ಮಲಗುವ ಜಾಗಕ್ಕೂ ನಡುವಿನ ಗೋಡೆಯಲ್ಲಿ ಮುಷ್ಟಿಯಷ್ಟೂ ತೂತು ಇರಬಾರದು. ಬ್ಯಾಟರಿ ಹೊತ್ತಿಕೊಂಡರೆ ಉರಿ ಬರುವ ಮೊದಲೇ ಹೊಗೆ ಬರುತ್ತದೆ, ಮಲಗಿದವರು ಕೆಮ್ಮುವುದಕ್ಕೂ ಏಳುವುದಿಲ್ಲ. ನಡುವೆ ಬಾಗಿಲಿದ್ದರೆ ಅದು ದಪ್ಪಗಿದ್ದು ತಾನೇ ಮುಚ್ಚಿಕೊಳ್ಳಬೇಕು.

“ಎತ್ತಿನ ಉಸಿರಿಗೆ ಯಾರ ಸತ್ತಾರೋ?” ಎಂದಳು ಅವ್ವ.

“ಅದು ಎತ್ತಲ್ಲವ್ವಾ, ಗಾಡಿ.”

“ಹಂಗಾರ ಗಾಜು ಹಾಕ್ಸು.”

“ಕಾವಿಗೆ ಗಾಜು ಫಟ್ ಅಂತ ಒಡೀತೈತಿ. ನಿನಗ ಎದ್ದು ಓಡಾಕ ಬರತೈತೇನು?”

ಆ ಮಾತು ಆಡಬಾರದಿತ್ತು. ಅವ್ವ ಸೆರಗಿನಿಂದ ಕಾಲು ಮುಚ್ಚಿಕೊಂಡಳು. ನಾನು ದನಿ ತಗ್ಗಿಸಿ, ಶೆಡ್ಡಿನ ಹೊರಗೋಡೆಗೆ ಒಂದು ಕಿಟಕಿ ಇಡಿಸುತ್ತೇನೆ, ಗಾಳಿಯಾದರೂ ಆಡುತ್ತದೆ ಎಂದೆ. ಅದರಿಂದ ಅವಳಿಗೇನು ಸಿಗುತ್ತದೆ ಎಂದು ಅವಳೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಗೌಂಡಿ ಸಿಕ್ಕಿದ್ದು ಗಚ್ಚಿಬೌಲಿಯ ದೊಡ್ಡ ಕಟ್ಟಡವೊಂದರಲ್ಲಿ ಇಟ್ಟಿಗೆ ಕಟ್ಟುತ್ತಿದ್ದವನು. ತೆಲುಗಿನಲ್ಲಿ ಮಾತು ಶುರು ಮಾಡಿದ ನಾವು ಎರಡನೇ ವಾಕ್ಯಕ್ಕೆ ಕನ್ನಡಕ್ಕೆ ಇಳಿದೆವು. ಅವನ ಊರು ನಮ್ಮೂರಿಂದ ಮೂರು ಹಳ್ಳಿ ಆಚೆ! ಅಷ್ಟಕ್ಕೇ ನಾನು ಕರಗಿಹೋದೆ. ಪರಊರಲ್ಲಿ ನಮ್ಮ ಮಾತಾಡುವವನು ಸಿಕ್ಕರೆ ಅವನಿಗೆ ಎಲ್ಲವೂ ಅರ್ಥವಾಗುತ್ತದೆ ಎಂದು ನಂಬಿಬಿಡುತ್ತೇವೆ ನೋಡಿ, ಅದೇ ತಪ್ಪು. ಪಕ್ಕದ ಮನೆ ತೀರಾ ಹತ್ತಿರ, ಉರಿ ದಾಟುತ್ತದೆ, ಆ ಕಡೆ ಬೇಡ, ಬೀದಿ ಕಡೆಗೇ ಕಿಟಕಿ ಎಂದೆ. ಪೆಟ್ರೋಲಿನ ಆವಿ ನೆಲ ಹಿಡಿದು ಹರಿಯುತ್ತದೆ, ಅದಕ್ಕೆ ಹೊರಗೋಡೆಯ ಬುಡದಲ್ಲಿ ಜಾಲರಿ ಬೇಕು ಎಂದೆ. “ತಿಳೀತ್ರಿ ಸಾಹೇಬ್ರ” ಎಂದ. ಒಳಗೋಡೆಯನ್ನು ಮುಟ್ಟಬೇಡ ಎಂದು ಮಾತ್ರ ಹೇಳಲಿಲ್ಲ. ಯಾಕೆ ಹೇಳಬೇಕು, ಯಾರು ಮುಟ್ಟುತ್ತಾರೆ?

ಕೆಲಸದ ದಿನ ನಾನು ಪಾಳಿಗೆ ಹೋದೆ. ಹೆಂಡತಿ ಮಹಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಕೆಳಗಿನ ಸುತ್ತಿಗೆ ಸದ್ದೆಲ್ಲ ಹೊರಗಿನ ಕಿಟಕಿಯದೇ ಎಂದುಕೊಂಡಳು.

ಮೂರಕ್ಕೆ ಬಂದು ಶೆಡ್ಡಿನ ಬಾಗಿಲು ಎಳೆದೆ. ಯಾವತ್ತೂ ಕತ್ತಲಿದ್ದ ಆ ಜಾಗದ ತುಂಬ ಬೆಳಕು. ಹೊಸ ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಇಟ್ಟಿಗೆಯ ಕೆಂಪು ಧೂಳು ಅವಸರವಿಲ್ಲದೆ ತೇಲುತ್ತಿತ್ತು. ಬಿಸಿಲು ಕಾರಿನ ಬೆನ್ನು ಹತ್ತಿ, ಇಳಿದು, ಒಳಗೋಡೆಯನ್ನು ಮುಟ್ಟಿತ್ತು. ಅಲ್ಲಿ ನಾಲ್ಕು ಇಟ್ಟಿಗೆಯಷ್ಟು ಅಗಲಕ್ಕೆ ಗೋಡೆ ಇರಲಿಲ್ಲ. ಗೋಡೆ ಇಲ್ಲದ ಕಡೆ ಅವ್ವನ ಮುಖ ಇತ್ತು. ಕೂದಲ ಮೇಲೆ ಧೂಳು, ಕಣ್ಣ ತುಂಬ ಬಿಸಿಲು.

“ಬಂದ್ಯಾ?” ಎಂದಳು.

ಕಾರು ಇದ್ದಲ್ಲಿ ಎತ್ತು ಮಲಗಿದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆ. ಆಮೇಲೆ ಚಾರ್ಜಿಂಗ್ ಪ್ಲಗ್ಗಿನ ಹಸಿರು ದೀಪ ಕಣ್ಣಿಗೆ ಬಿತ್ತು. ಕಿಂಡಿಗೂ ಅದಕ್ಕೂ ಒಂದು ಮಾರೂ ದೂರವಿರಲಿಲ್ಲ. ಪಿತ್ತ ನೆತ್ತಿಗೇರಿತು. ತಳ್ಳುಗಾಡಿಯವನು ಎದ್ದು ಕೂರುವಷ್ಟು ಜೋರಾಗಿ ಕೂಗಾಡಿದೆ.

ಗೌಂಡಿ ಕೈಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡೇ ಎದ್ದು ನಿಂತ. “ಸಾಹೇಬ್ರ, ಅವ್ವಾರು ಹೇಳಿದ್ರರಿ. ಎತ್ತಿನ ಕಿಂಡಿ ಬೇಕಂದ್ರು. ನಮ್ಮ ಮನ್ಯಾಗೂ ಐತ್ರಿ, ಅಳತಿ ಸೈತ ಕೇಳಲಿಲ್ಲ ನಾ.”

ಅವನಿಗೆ ನಿಜಕ್ಕೂ ತಾನು ಒಳ್ಳೆಯ ಕೆಲಸ ಮಾಡಿದ್ದೇನೆ ಅನಿಸಿತ್ತು. ಅಂಚನ್ನು ಎಷ್ಟು ನಯವಾಗಿ ಗಿಲಾವು ಮಾಡಿದ್ದ, ಅವ್ವನ ಕೈಗೆ ಒರಟು ತಾಗಬಾರದೆಂದು! ಆದರೂ ಅವನ ಕೈಯಿಂದಲೇ ಸಂಜೆಯೊಳಗೆ ಮುಚ್ಚಿಸಿದೆ. ಇಟ್ಟಿಗೆ ಇಟ್ಟು, ಸಂದಿಲ್ಲದಂತೆ ಸಿಮೆಂಟು ತುಂಬಿ, ಎರಡೂ ಕಡೆ ಗಿಲಾವು. ಕೊನೆಯ ಇಟ್ಟಿಗೆ ಇಡುವವರೆಗೂ ಅವ್ವ ಆ ಸಂದಿನಿಂದ ನನ್ನನ್ನೇ ನೋಡುತ್ತಿದ್ದಳು.

ಮುಂದಿನ ಒಂಬತ್ತು ದಿನ ಅವ್ವ ನನ್ನೊಂದಿಗೆ ಮಾತಾಡಲಿಲ್ಲ. ನಾನು ಎದುರಿಗೇ ಕೂತಿದ್ದರೂ “ನಿನ್ನ ಗಂಡಗ ಹೇಳವಾ, ನನಗ ಚಾ ಬ್ಯಾಡಂತ” ಎಂದು ಸೊಸೆಗೆ ಹೇಳುವಳು. ಗೋಡೆಯ ಹಸಿ ಕಲೆ ದಿನದಿನಕ್ಕೆ ಅಂಚಿನಿಂದ ಬೆಳ್ಳಗಾಗುತ್ತ ಬಂತು. ಅವ್ವ ಆ ಕಲೆಯ ಕಡೆಗೇ ಮುಖ ಮಾಡಿ ಮಲಗುತ್ತಿದ್ದಳು. ರೊಟ್ಟಿ ಎರಡರಿಂದ ಒಂದಕ್ಕೆ ಇಳಿಯಿತು, ಒಂದರಿಂದ ಅರ್ಧಕ್ಕೆ. ನನಗೆ ಹೆದರಿಕೆ ಹತ್ತಿತು. ಹೊಗೆಯಿಂದ ಉಳಿಸಲು ಹೋಗಿ ಅವಳನ್ನು ಗೋಡೆಗೆ ಒಪ್ಪಿಸಿಬಿಟ್ಟೆನೇ? ಆದರೆ ನಿಯಮ ತಪ್ಪಿರಲಿಲ್ಲ. ಈಗಲೂ ತಪ್ಪೆನ್ನುವುದಿಲ್ಲ.

ಹತ್ತನೇ ದಿನ ನನ್ನ ಹೆಂಡತಿ ತಟ್ಟೆಯಲ್ಲಿ ಉಳಿದ ಅರ್ಧ ರೊಟ್ಟಿಯನ್ನು ನನ್ನ ಮುಂದೆ ಕುಕ್ಕಿದಳು. “ಒಂದು ಮಾತು ಕೇಳ್ತೀನ್ರಿ. ಮನಿಶ್ಯಾರು ಮಲಗೋ ಜಾಗಾಕ್ಕೂ ಗಾಡಿ ನಿಲ್ಲೋ ಜಾಗಾಕ್ಕೂ ನಡುವ ಕಿಂಡಿ ಇರಬಾರದು. ಒಪ್ಪಿದೆ. ಗಾಡಿ ಒಳಗ ಇರಬೇಕಂತ ಎಲ್ಲ್ಯಾರ ಬರದಾರೇನು?”

ಎಲ್ಲಿಯೂ ಬರೆದಿಲ್ಲ. ಇಷ್ಟು ವರ್ಷ ಆ ಪಾಠ ಹೇಳಿದ ನನ್ನ ತಲೆಗೆ, ಕದಲಿಸಬೇಕಾದದ್ದು ಅವ್ವನ ಆಸೆಯನ್ನಲ್ಲ, ಕಾರನ್ನು ಎಂದು ಹೊಳೆದೇ ಇರಲಿಲ್ಲ. ಥೂ ನನ್ನ!

ಅರ್ಧ ದಿನದ ಕೆಲಸ. ಕಾರು ಬೀದಿಯಾಚೆ ಬೇವಿನ ನೆರಳಿಗೆ ಹೋಯಿತು. ಸ್ಕೂಟರಿಗೆ ಗೇಟಿನ ಹತ್ತಿರ, ಮನೆಗೆ ತಾಗದಂತೆ, ತಗಡಿನ ಮಾಡು, ಚಾರ್ಜಿಂಗ್ ಅಲ್ಲೇ. ಪೆಟ್ರೋಲ್ ಕ್ಯಾನು, ಬಣ್ಣದ ಡಬ್ಬಿಗಳನ್ನು ಸಾಗಹಾಕಿದೆ. ಎಣ್ಣೆಯ ಕಲೆ ಹೋಗುವವರೆಗೂ ನೆಲ ತಿಕ್ಕಿ, ಎರಡು ದಿನ ಒಣಗಲು ಬಿಟ್ಟೆವು. ಅವ್ವನ ಮಂಚವನ್ನು ಶೆಡ್ಡಿಗೆ ತಂದು ಬೀದಿ ಕಡೆಯ ಹೊಸ ಕಿಟಕಿಗೆ ಒತ್ತಿ ಹಾಕಿದೆವು. ಅವಳು ಕಿಟಕಿಯ ಸರಳು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದಳು.

ಮರುದಿನ ಮೂರಕ್ಕೆ ಬಂದು ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದೆ. ಬೀದಿ ನಿದ್ದೆಯಲ್ಲಿತ್ತು. ಸರಳುಗಳ ಹಿಂದೆ ಅವ್ವ ಮೊಣಕೈ ಊರಿ ಎದ್ದಳು.

“ಮ್ಯಾಲ ಹೋಗಬ್ಯಾಡ. ಮೊದಲ ಇಲ್ಲಿ ಬಾ. ಕೈ ತೋರಸು.”

ಅಂದು ಬೆಂಕಿ ಆರಿಸುವ ಅಭ್ಯಾಸದ ವೇಳೆ ಕಾದ ತಗಡು ತಾಗಿ ಮುಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕೈಯನ್ನು ಸರಳುಗಳ ನಡುವೆ ಚಾಚಿದೆ. ಅವಳು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದಳು. ಬೊಬ್ಬೆಯನ್ನೂ ನೋಡಿದಳು, ಹಳೆಯ ಕಲೆಗಳನ್ನೂ.

“ದಿನಾ ಜಳಕಾ ಮಾಡಿ, ತುಂಬತೋಳಿನ ಅಂಗಿ ಹಾಕ್ಕೊಂಡು ಬಂದು ಎದುರಿಗಿ ಕುಂದರತಿದ್ದಿ. ಬೆಂಕ್ಯಾಗ ಕೆಲಸ ಮಾಡಾಂವ ಹ್ಯಾಂಗ ಬಂದಾನಂತ ನಾ ಎಲ್ಲಿಂದ ನೋಡ್ಲಿ? ಅದಕ್ಕ ಕಿಂಡಿ ಕೇಳಿದ್ದೆ ಹುಚ್ಚಪ್ಪಾ. ನಿನ್ನ ಗಾಡಿ ತಗೊಂಡು ನಾ ಏನ್ ಮಾಡ್ಲಿ?”

ಬೊಬ್ಬೆಯ ಮೇಲೆ ಉಫ್ ಎಂದು ಊದಿದಳು. ಐವತ್ತೆರಡು ವರ್ಷದ ನಾನು ಬೀದಿಯಲ್ಲಿ ನಿಂತು ಅತ್ತೆ.